1993ರ ತೆರಿಗೆ ಕಾಯ್ದೆಯಿಂದಲೇ ಅಮೆರಿಕದ ಕೊರತೆ ನೀಗಿತಾ?

ಮಳೆಹನಿ:
ಕ್ಲಿಂಟನ್ ಕಾಲದ ಬಜೆಟ್ ಬಗ್ಗೆ ಓದುತ್ತಿದ್ದೆ. 1992ರಲ್ಲಿ ಅಮೆರಿಕದ ಫೆಡರಲ್ ಸರ್ಕಾರಕ್ಕೆ ಸುಮಾರು 290 ಬಿಲಿಯನ್ ಡಾಲರ್ ಕೊರತೆ. 2000ಕ್ಕೆ ಬಂದರೆ 236 ಬಿಲಿಯನ್ ಉಳಿತಾಯ! ಎಂಟೇ ವರ್ಷ. ಕೆಲವರು 1993ರಲ್ಲಿ ತೆರಿಗೆ ಏರಿಸಿದ್ದೇ ಕಾರಣ ಅಂತಾರೆ. ಇನ್ನು ಕೆಲವರು ಷೇರುಪೇಟೆ ಏರಿತು, ದುಡ್ಡು ತಾನಾಗಿಯೇ ಬಂತು ಅಂತಾರೆ. ಆ ಬಿಲ್‌ನಲ್ಲಿ ಅಂಥದ್ದೇನಿತ್ತು?

ಲೆಕ್ಕಿಗ:
ಜಾಸ್ತಿ ಭಾರ ಬಿದ್ದದ್ದು ಶ್ರೀಮಂತರ ಮೇಲೆ. ಆದಾಯ ತೆರಿಗೆಯ ಅತಿ ಹೆಚ್ಚಿನ ದರ 31%ನಿಂದ 39.6%ಗೆ ಹೋಯಿತು. ಕಂಪನಿಗಳಿಗೆ 34% ಇದ್ದದ್ದು 35% ಆಯಿತು. ಮೆಡಿಕೇರ್ ಅಂದರೆ ವೃದ್ಧರ ಸರ್ಕಾರಿ ಆರೋಗ್ಯ ವಿಮೆ; ಅದರ ತೆರಿಗೆ ಇಷ್ಟು ಸಂಬಳದವರೆಗೆ ಮಾತ್ರ ಅಂತ ಇದ್ದ ಮಿತಿಯನ್ನೂ ತೆಗೆದರು. ಜನಸಾಮಾನ್ಯರಿಗೆ ತಟ್ಟಿದ್ದು ಪೆಟ್ರೋಲ್ ತೆರಿಗೆ. ಕ್ಲಿಂಟನ್ ಬಹುತೇಕ ಎಲ್ಲ ಇಂಧನಕ್ಕೂ ತೆರಿಗೆ ಹಾಕಲು ಹೊರಟಿದ್ದರು, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಲಿಲ್ಲ, ಕೊನೆಗೆ ಗ್ಯಾಲನ್‌ಗೆ 4.3 ಸೆಂಟ್ ಏರಿಕೆಯಷ್ಟೇ ಉಳಿಯಿತು. ಒಟ್ಟು 18.4 ಸೆಂಟ್. ಅದಾದ ಮೇಲೆ ಆ ದರ ಏರಿಯೇ ಇಲ್ಲ!

ಅದು ಪಾಸಾದ ರೀತಿ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತೆ. ಕೆಳಮನೆಯಾದ ಹೌಸ್‌ನಲ್ಲಿ 218–216. ಸೆನೆಟ್‌ನಲ್ಲಿ 50–50 ಆಗಿ, ಉಪಾಧ್ಯಕ್ಷ ಅಲ್ ಗೋರ್ ಮತ ಹಾಕಿ ಉಳಿಸಿದರು. ಎದುರು ಪಕ್ಷವಾದ ರಿಪಬ್ಲಿಕನ್‌ನ ಒಬ್ಬರೂ ಪರವಾಗಿ ನಿಲ್ಲಲಿಲ್ಲ. ಪೆನ್ಸಿಲ್ವೇನಿಯಾದ ಮಾರ್ಜರಿ ಮಾರ್ಗೋಲೀಸ್ ಮೆಜ್ವಿನ್ಸ್ಕಿ ಆಗಿನ್ನೂ ಮೊದಲ ಸಲ ಗೆದ್ದು ಬಂದವರು, ಮೊದಲು ಬಿಲ್ ವಿರೋಧಿಸಿದ್ದವರು. ಅವರು ಕೊನೆ ಗಳಿಗೆಯಲ್ಲಿ ಹೌದು ಅಂದಾಗ ಎದುರು ಪಕ್ಷದವರು ಅವರ ಹೆಸರು ಕೂಗಿ, ಕೈ ಬೀಸಿ ಬೀಳ್ಕೊಟ್ಟರು. 1994ರಲ್ಲಿ ಅವರು ಸೋತೇ ಸೋತರು. ಸೀಟು ಹೋಗುತ್ತೆ ಅಂತ ಗೊತ್ತಿದ್ದೂ ಹಾಕಿದ ಮತ ಅದು.

ದಾರಿಹೋಕ:
ಲೆಕ್ಕಿಗ ಅವರೇ, 1990 ಬಿಟ್ಟುಬಿಟ್ಟಿರಲ್ಲ! ನನ್ನ ಪ್ರಕಾರ ಅಸಲಿ ಕೆಲಸ ಶುರುವಾದದ್ದೇ ಅಲ್ಲಿ. ಕ್ಲಿಂಟನ್‌ಗಿಂತ ಮೊದಲು ಅಧ್ಯಕ್ಷರಾಗಿದ್ದವರು ಹಿರಿಯ ಬುಷ್. ಹೊಸ ತೆರಿಗೆ ಹಾಕಲ್ಲ ಅಂತ 1988ರಲ್ಲಿ ಮಾತು ಕೊಟ್ಟಿದ್ದ ಅವರು, ಕೊರತೆ ನೋಡಿ ಆ ಮಾತು ಮುರಿದರು. ಅವರ ಪಕ್ಷದವರೇ ತಿರುಗಿಬಿದ್ದು ಮೊದಲ ಒಪ್ಪಂದವನ್ನು ಸೋಲಿಸಿದರು, ಖರ್ಚಿಗೆ ಒಪ್ಪಿಗೆ ಸಿಗದೆ ಅಕ್ಟೋಬರ್‌ನ ಒಂದು ವಾರಾಂತ್ಯ ಸರ್ಕಾರವೇ ಬಾಗಿಲು ಹಾಕಿತು. ಕೊನೆಗೆ ತಿದ್ದಿದ ಒಪ್ಪಂದಕ್ಕೆ ನವೆಂಬರ್ 5ರಂದು ಸಹಿ ಬಿತ್ತು. ಆದಾಯ ತೆರಿಗೆಯ ಅತಿ ಹೆಚ್ಚಿನ ದರ 28%ನಿಂದ 31% ಆದದ್ದು ಆಗಲೇ. ಅದಕ್ಕಿಂತ ದೊಡ್ಡದು ಪೇಗೋ ನಿಯಮ. ತೆರಿಗೆ ಇಳಿಸಬೇಕಾ? ಹೊಸ ಸವಲತ್ತು ಕೊಡಬೇಕಾ? ಕೊಡಿ, ಆದರೆ ಅಷ್ಟು ದುಡ್ಡು ಎಲ್ಲಿಂದ ಬರುತ್ತೆ ಅಂತ ಮೊದಲು ತೋರಿಸಿ.

ಮಳೆಹನಿ:
ಹಾಗಾದರೆ ಷೇರುಪೇಟೆಯ ಪಾತ್ರ ಏನೂ ಇಲ್ವಾ?

ದಾರಿಹೋಕ:
ಇದೆ, ಖಂಡಿತ ಇದೆ. ಷೇರು ಮಾರಿ ಲಾಭ ಮಾಡಿದವರ ತೆರಿಗೆ ಹರಿದು ಬಂತು. ಶೀತಲ ಸಮರ ಮುಗಿದು ಸೇನೆಯ ಖರ್ಚೂ ತಗ್ಗಿತ್ತು. ಆದರೆ ಬಂದ ದುಡ್ಡು ಸೋರಿಹೋಗದಂತೆ ಬಹುಕಾಲ ಹಿಡಿದಿಟ್ಟದ್ದು ಆ ನಿಯಮ. 1998ರಿಂದ 2001ರವರೆಗೆ ಸತತ ನಾಲ್ಕು ವರ್ಷ ಉಳಿತಾಯ ಆಯಿತು. 2001ರಲ್ಲಿ ಮತ್ತೆ ತೆರಿಗೆ ಇಳಿಸಿದರು, ಆರ್ಥಿಕತೆಯೂ ಕುಗ್ಗಿತು, 2002ರಲ್ಲಿ ನಿಯಮದ ಅವಧಿ ಮುಗಿಯಿತು. ಅದೇ ವರ್ಷ ಕೊರತೆ ವಾಪಸ್.

ಲೆಕ್ಕಿಗ:
ಒಪ್ಪಿದೆ, 1990 ಸೇರಿಸಬೇಕಿತ್ತು. ಇನ್ನೊಂದು ವಿಷಯ. ಈ ಎರಡೂ ಕಾಯ್ದೆ ಬಂದದ್ದು ರಿಕನ್ಸಿಲಿಯೇಶನ್ ಅನ್ನುವ, ಬಜೆಟ್ ಬಿಲ್‌ಗಳಿಗೆಂದೇ ಇರುವ ವಿಶೇಷ ದಾರಿಯಲ್ಲಿ. ಅಲ್ಲಿ ಸೆನೆಟ್‌ನಲ್ಲಿ 60 ಮತ ಬೇಕಿಲ್ಲ, ಸರಳ ಬಹುಮತ ಸಾಕು. 2025ರ ಜುಲೈ 4ರಂದು ಸಹಿಯಾದ ತೆರಿಗೆ ಕಾಯ್ದೆಯೂ ಇದೇ ದಾರಿಯಲ್ಲೇ ಬಂತು. ಆದರೆ ಹತ್ತು ವರ್ಷದಲ್ಲಿ ಅದು ಕೊರತೆಗೆ ಸುಮಾರು 3.4 ಟ್ರಿಲಿಯನ್ ಡಾಲರ್ ಸೇರಿಸುತ್ತೆ ಅಂತ ಕಾಂಗ್ರೆಸ್‌ನ (ಅಮೆರಿಕದ ಸಂಸತ್ತಿನ) ಬಜೆಟ್ ಕಚೇರಿಯೇ ಅಂದಾಜು ಮಾಡಿತ್ತು. ಕೊರತೆ ಇಳಿಸಲು ತುಳಿದ ದಾರಿಯಲ್ಲೇ ಏರಿಸಲೂ ಹೊರಟರಲ್ಲ, ನನಗಂತೂ ಬೇಜಾರಾಗುತ್ತೆ.