‘ನೆಟ್ಟ ಅರಣ್ಯ’ ಎಂದರೆ ಯಾವ ಅರಣ್ಯ?

ಧಾರವಾಡದಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಭೂಗೋಳದ ಪೂರಕ ಪುಸ್ತಕವೊಂದರ ಕರಡು ತಿದ್ದುವಾಗ ಎಡವಿದ ಪದವೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. 1990ರಿಂದ 2020ರವರೆಗೆ ಭಾರತವನ್ನೂ ಚೀನಾವನ್ನೂ ಹೋಲಿಸುವ ರೇಖಾಚಿತ್ರದ ಅಡಿಯಲ್ಲಿ ‘ಎರಡು ದೇಶಗಳಲ್ಲಿ ನೆಟ್ಟ ಅರಣ್ಯ ಪ್ರದೇಶ’ ಎಂದು ಬರೆಯಲಾಗಿತ್ತು. ‘ಪ್ಲಾಂಟೆಡ್ ಫಾರೆಸ್ಟ್’ ಎಂಬುದಕ್ಕೆ ಪದಕ್ಕೆ ಪದ ಇಟ್ಟು ನೋಡಿದರೆ ಇದರಲ್ಲಿ ತಪ್ಪಿಲ್ಲ. ಆದರೆ ಕರಡು ಓದಿದ ಶಿಕ್ಷಕರೊಬ್ಬರು, ‘ಚೀನಾದವರು 2020ನೆಯ ಒಂದೇ ವರ್ಷ ಎಂಟು ಕೋಟಿ ಹೆಕ್ಟೇರಿನಲ್ಲಿ ಸಸಿ ನೆಟ್ಟರೇನು?’ ಎಂದು ಕೇಳಿದರು.

ಅವರು ಕೇಳಿದ್ದರಲ್ಲಿ ನ್ಯಾಯವಿದೆ. ‘ನೆಟ್ಟ’ ಎಂದೊಡನೆ ಕನ್ನಡದ ಕಿವಿಗೆ ಕೇಳುವುದು ನೆಡುವ ಕೆಲಸ, ನಿಂತಿರುವ ಕಾಡಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿ ಹೇಳುವುದು ಮಾತ್ರ ಆ ವರ್ಷ ನಿಂತಿದ್ದ ಕಾಡಿನ ವಿಸ್ತೀರ್ಣವನ್ನು. ಅದರ ವ್ಯಾಖ್ಯೆಯಂತೆ ಮುಖ್ಯವಾಗಿ ನೆಟ್ಟ ಅಥವಾ ಬೀಜ ಬಿತ್ತಿ ಬೆಳೆಸಿದ ಮರಗಳಿರುವ ಕಾಡಷ್ಟೇ ಈ ಲೆಕ್ಕಕ್ಕೆ ಸೇರುತ್ತದೆ. ಬಲಿತಾಗ ಅಲ್ಲಿಯ ಮರದ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಅಂಥ ಮರಗಳದ್ದೇ ಆಗಿರಬೇಕು. ಕಳೆದ ಮಳೆಗಾಲದಲ್ಲಿ ನೆಟ್ಟು ಬೇಸಿಗೆಗೆ ಒಣಗಿಹೋದ ಸಸಿಗಳ ಜಾಗ ನೆಟ್ಟದ್ದು ಹೌದು, ಅರಣ್ಯ ಅಲ್ಲ.

ಅರಣ್ಯ ಇಲಾಖೆಯ ‘ನೆಡುತೋಪು’ ಎಂಬ ಪದ ಮೊದಲು ನನಗೂ ಹಿಡಿಸಿತ್ತು. ಕಲಘಟಗಿ ರಸ್ತೆಯ ಬದಿಯಲ್ಲಿ ಬಣ್ಣ ಉದುರಿದ ಫಲಕವೊಂದಿದೆ: ನೆಡುತೋಪು, ಅದರ ಕೆಳಗೆ ಇಸವಿ, ಹೆಕ್ಟೇರ್, ಜಾತಿ ಅಕೇಶಿಯಾ. ಆದರೆ ಇದು ‘ಪ್ಲಾಂಟೇಶನ್’ಗೆ ಸಲ್ಲುವ ಪದ, ಒಂದೆರಡೇ ಜಾತಿ, ಒಂದೇ ವಯಸ್ಸು, ಸಾಲು ಹಿಡಿದ ಅಂತರ. 2020ರ ಜಾಗತಿಕ ಲೆಕ್ಕದಲ್ಲಿ 29.4 ಕೋಟಿ ಹೆಕ್ಟೇರ್ ‘ಪ್ಲಾಂಟೆಡ್ ಫಾರೆಸ್ಟ್’ ಇದ್ದರೆ, ಅದರೊಳಗೆ ಪ್ಲಾಂಟೇಶನ್ ಪಾಲು 13.1 ಕೋಟಿ ಮಾತ್ರ. ಅಲ್ಲದೆ ತೋಪು ಎಂದರೆ ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ಆಪೂಸು ಮಾವಿನ ತೋಪು. ಆಹಾರ ಮತ್ತು ಕೃಷಿ ಸಂಸ್ಥೆ ಹಣ್ಣಿನ ತೋಟವನ್ನು ಅರಣ್ಯವೆಂದು ಎಣಿಸುವುದಿಲ್ಲ, ರಬ್ಬರನ್ನು ಎಣಿಸುತ್ತದೆ. ನಮ್ಮ ದೇಶದ ಅರಣ್ಯ ಸ್ಥಿತಿ ವರದಿಯ ‘ಅರಣ್ಯ ಹೊದಿಕೆ’ಯಲ್ಲಿಯಾದರೋ ಒಂದು ಹೆಕ್ಟೇರ್ ಮೀರಿದ, ಶೇ. 10ರಷ್ಟಾದರೂ ಮರದ ನೆರಳಿರುವ ಮಾವಿನ ತೋಪೂ ಸೇರಿಬಿಡುತ್ತದೆ. ಹೀಗಾಗಿ ಈ ಎರಡು ಲೆಕ್ಕಗಳನ್ನು ಒಂದೇ ಹೆಸರಿನಿಂದ ಕರೆಯುವಂತಿಲ್ಲ.

ನಮ್ಮ ಕಡೆ ಗಿಡ ನೆಡುವುದಿಲ್ಲ, ಹಚ್ಚುತ್ತೇವೆ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ 1987ರಲ್ಲಿ ಜನರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದ ಸತ್ಯಾಗ್ರಹಕ್ಕೆ ‘ಕಿತ್ತಿಕೋ ಹಚ್ಚಿಕೋ’ ಎಂದೇ ಹೆಸರು. ಹಾಗೆಂದು ‘ಹಚ್ಚಿದ ಅರಣ್ಯ’ ಎಂದು ಅಚ್ಚು ಹಾಕಿಸಿದರೆ ಮೈಸೂರಿನ ಓದುಗರು ಬೆಂಕಿಯನ್ನೇ ನೆನೆದಾರು.

ಆದ್ದರಿಂದ ಒಟ್ಟು ವರ್ಗಕ್ಕೆ ‘ನೆಟ್ಟು ಬೆಳೆಸಿದ ಅರಣ್ಯ’ ಎಂದೂ, ಅದರೊಳಗಿನ ಸಾಲು ನೆಡುವಿಕೆಗೆ ಮಾತ್ರ ‘ನೆಡುತೋಪು’ ಎಂದೂ ಬಳಸುವುದು ಮೇಲೆಂದು ನನ್ನ ಎಣಿಕೆ. ‘ಕೃತಕ ಅರಣ್ಯ’ ಬೇಡ. ಅದು ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿ ಕೂರುವ ಮಾತು.

ಇನ್ನೊಂದು ಸಂದೇಹ ‘ಹೆಚ್ಚಳ’ದ ಕುರಿತದ್ದು. ಆ ಮೂವತ್ತು ವರ್ಷಗಳಲ್ಲಿ ಭಾರತದ ಅಂಕಿ ಸುಮಾರು 57 ಲಕ್ಷ ಹೆಕ್ಟೇರಿನಿಂದ 1.3 ಕೋಟಿಗೆ ಏರಿ ಎರಡು ಪಟ್ಟನ್ನು ದಾಟಿದೆ. ಚೀನಾದ್ದು ನಾಲ್ಕು ಕೋಟಿಗೂ ಮೇಲಿನಿಂದ ಸುಮಾರು 8.5 ಕೋಟಿಗೆ ಏರಿ ಇಮ್ಮಡಿಯ ಆಸುಪಾಸಿನಲ್ಲಿದೆ. ಕರಡಿನಲ್ಲಿರುವ ‘ಭಾರತದ ಹೆಚ್ಚಳವೇ ಹೆಚ್ಚು’ ಎಂಬ ವಾಕ್ಯ ಪಟ್ಟಿನ ಲೆಕ್ಕದಲ್ಲಿ ನಿಜ, ಹೆಕ್ಟೇರಿನ ಲೆಕ್ಕದಲ್ಲಿ ಸುಳ್ಳು. ಪಟ್ಟಿನ ಏರಿಕೆಗೆ ‘ವೃದ್ಧಿದರ’, ವಿಸ್ತೀರ್ಣದ ಏರಿಕೆಗೆ ‘ಹೆಚ್ಚಳ’ ಎಂದು ಬೇರ್ಪಡಿಸಿದರೆ ಎಂಟನೆಯ ತರಗತಿಯ ಮಕ್ಕಳಿಗೆ ತಿಳಿದೀತೇ, ಅಥವಾ ಇದಕ್ಕಿಂತ ಸುಲಭವಾದ ಜೋಡಿಪದ ಬಳಕೆಯಲ್ಲಿದೆಯೇ?