ಪದಚರ್ಚೆ: ‘ವಿಲೇವಾರಿಯಾದ’ ಕಡತ ಇದೆಯೋ, ಇಲ್ಲವೋ?

ಸ್ನೇಹಿತರೇ,

ಕಚೇರಿ ಕನ್ನಡದಲ್ಲಿ ಪಳಗಿದವರಿಗೆ, ಅದರಲ್ಲೂ ನಗರಸಭೆ, ಪುರಸಭೆ, ತಾಲ್ಲೂಕು ಕಚೇರಿಗಳಲ್ಲಿ ವಿಷಯ ನಿರ್ವಾಹಕರಾಗಿ, ಅಂದರೆ ಕಡತ ನೋಡಿಕೊಳ್ಳುವ ಗುಮಾಸ್ತರಾಗಿ, ಕೆಲಸ ಮಾಡಿ ನಿವೃತ್ತರಾದವರಿಗೆ ಈ ಪ್ರಶ್ನೆ. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಸಣ್ಣ ಊರಿನ ನಗರಸಭೆಯಿಂದ ಬಂದ ಉತ್ತರ ಇಷ್ಟೇ: “ತಾವು ಕೋರಿರುವ ಕಡತವು ಈಗಾಗಲೇ ವಿಲೇವಾರಿಯಾಗಿದ್ದು, ಸದರಿ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.” ಕೇಳಿದ್ದು ಹಳೆಯ ಬಡಾವಣೆಯೊಂದರ ಅನುಮೋದಿತ ವಿನ್ಯಾಸ ನಕ್ಷೆ, ಮತ್ತು ಅದರಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗದ ಬಗ್ಗೆ ಕೌನ್ಸಿಲ್ ಕೈಗೊಂಡ ತೀರ್ಮಾನ. ಅರ್ಜಿ ಬೇರೆಯವರದು, ಬರೆದುಕೊಟ್ಟವನು ನಾನು. ಉತ್ತರದಲ್ಲಿ ಕಾಗುಣಿತ ಸರಿಯಾಗಿದೆ, ವ್ಯಾಕರಣ ಸರಿಯಾಗಿದೆ, ಮೊಹರು ಕೂಡ ನೆಟ್ಟಗೆ ಬಿದ್ದಿದೆ. ಆ ಕಡತ ಈಗ ಭೂಮಿಯ ಮೇಲೆ ಇದೆಯೇ ಎಂಬುದೊಂದು ಮಾತ್ರ ತಿಳಿಯುವುದಿಲ್ಲ.

ಮೊದಲು ‘ವಿಲೇವಾರಿ’. ಲೋಕ ಅದಾಲತ್‌ನಲ್ಲಿ ಪ್ರಕರಣಗಳು ವಿಲೇವಾರಿಯಾದವು ಎಂದು ಪತ್ರಿಕೆ ಬರೆದರೆ ಅವು ಇತ್ಯರ್ಥವಾದವು ಎಂದು ಓದಿಕೊಳ್ಳುತ್ತೇವೆ. ಆಸ್ತಿಯ ವಿಲೇವಾರಿ ಎಂದರೆ ಮಾರಿಯೋ ಹಂಚಿಯೋ ಬೇರೆಯವರ ಕೈಗೆ ದಾಟಿಸುವುದು. ಘನತ್ಯಾಜ್ಯ ವಿಲೇವಾರಿ ಎಂದರೆ ಊರಾಚೆ ಸಾಗಿಸಿ ಕೈತೊಳೆದುಕೊಳ್ಳುವುದು. ಮೂರನ್ನೂ ಒಂದೇ ನಗರಸಭೆ, ಬಹುಶಃ ಒಂದೇ ದಿನದ ಸಭೆಯಲ್ಲಿ, ಒಂದೇ ಪದದಿಂದ ಹೇಳುತ್ತದೆ. ಇಷ್ಟಾದರೂ ನಮಗೆ ಗೊಂದಲವಾಗದೆ ಇರುವುದಕ್ಕೆ ಕಾರಣ, ಯಾವುದರ ವಿಲೇವಾರಿ ಎಂಬುದೇ ಅರ್ಥವನ್ನು ಬಿಡಿಸಿಕೊಡುತ್ತದೆ. ಅರ್ಜಿ, ದೂರು, ಮೊಕದ್ದಮೆಗಳಂಥ ಕೆಲಸದ ಮಾತಾದರೆ ‘ಮುಗಿಸು’ ಎಂದು; ಕಸ, ಗುಜರಿಗಳಂಥ ವಸ್ತುವಿನ ಮಾತಾದರೆ ‘ತೊಲಗಿಸು’ ಎಂದು.

ಕಡತದ ತೊಡಕು ಇಲ್ಲಿಯೇ. ಅದು ಕೆಲಸವೂ ಹೌದು, ವಸ್ತುವೂ ಹೌದು. “ಕಡತ ಎಲ್ಲಿಗೆ ಬಂತು?” ಎಂದು ಕೇಳುವವನು ಕೆಲಸದ ಬಗ್ಗೆ ಕೇಳುತ್ತಾನೆ, “ಕಡತ ಕಪಾಟಿನಲ್ಲಿದೆ” ಎನ್ನುವವನು ಕೆಂಪು ದಾರ ಕಟ್ಟಿದ ಕಾಗದದ ಕಟ್ಟಿನ ಬಗ್ಗೆ ಹೇಳುತ್ತಾನೆ. ಕಚೇರಿಯ ಒಳಗಿನವರಿಗೆ ‘ವಿಲೇವಾರಿಯಾದ ಕಡತ’ ಎಂದರೆ ಅಂತಿಮ ಆದೇಶವಾಗಿ, ಇನ್ನು ಮುಂದಿನ ಕ್ರಮ ಬೇಡವೆಂದು ಮುಕ್ತಾಯಗೊಂಡದ್ದು. ಹಾಗೆ ಮುಕ್ತಾಯವಾದದ್ದಕ್ಕೆ ಒಂದು ವರ್ಗ ನಮೂದಿಸಿ, ಶಾಶ್ವತವಾಗಿ ಇಡಬೇಕಾದದ್ದೋ ಇಷ್ಟು ವರ್ಷ ಕಾದು ನಾಶಪಡಿಸಬಹುದಾದದ್ದೋ ಎಂದು ಗುರುತಿಸಿ ಅಭಿಲೇಖಾಲಯಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ರೆಕಾರ್ಡ್ ರೂಮಿಗೆ, ಕಳುಹಿಸಬೇಕು. ಅಂದಮೇಲೆ ವಿಲೇವಾರಿಯಾದ ಕಡತವೇ ಹುಡುಕಲು ಸುಲಭವಾಗಿರಬೇಕು. ಚಾಲ್ತಿಯಲ್ಲಿರುವ ಕಡತವಾದರೂ ಮೇಜಿನಿಂದ ಮೇಜಿಗೆ ಓಡಾಡುತ್ತಿರುತ್ತದೆ. ಆದರೆ ಹೊರಗಿನ ಓದುಗ ಆ ಪದದಲ್ಲಿ ಕೇಳುವುದು ಕಸದ ಗಾಡಿಯ ಸದ್ದನ್ನು. ಉತ್ತರ ಬರೆದವರು ಯಾವ ಅರ್ಥ ಇಟ್ಟುಕೊಂಡರೋ ಗೊತ್ತಿಲ್ಲ. ಎರಡೂ ಇರಲಿ ಎಂದೇ ಬರೆದಿರಬಹುದು ಎಂಬ ಗುಮಾನಿ ನನಗಿದೆ.

ಪದದ ಮೂಲದ ಬಗ್ಗೆ: ಮರಾಠಿಯಲ್ಲಿ ‘ವಿಲ್ಹೇವಾಟ್’ ಇದೆ, ಅಲ್ಲಿಯೂ ಕಸಕ್ಕೆ ಅದೇ ಮಾತು. ನಮ್ಮದು ಅದರ ನೆಂಟನೆಂದೇ ತೋರುತ್ತದೆ. ಠರಾವು (ನಿರ್ಣಯ), ಆವಕ (ಒಳಬರುವ ಪತ್ರ), ಜಾವಕ (ಹೊರಹೋಗುವ ಪತ್ರ) ಬಂದ ದಾರಿಯಲ್ಲೇ ಇದೂ ಬಂದಿರಬೇಕು. ಕನ್ನಡದ ಹಳೆಯ ಕಚೇರಿ ಕಾಗದಗಳಲ್ಲಿ ‘ನಾಶಪಡಿಸು’ ಎಂಬ ಅರ್ಥದಲ್ಲಿ ವಿಲೇವಾರಿಯನ್ನು ಬಳಸಿದ್ದನ್ನು ಯಾರಾದರೂ ನೋಡಿದ್ದೀರಾ? ಅಥವಾ ಆ ಅರ್ಥ ಕಸದ ಬೆನ್ನು ಹತ್ತಿ ಈಚೆಗೆ ಬಂದದ್ದೇ?

‘ಕಡತ’ ಪದವಂತೂ ಅಚ್ಚರಿಯ ದಾರಿ ನಡೆದು ಬಂದಿದೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಹಚ್ಚಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಚರಿತ್ರೆ ಬರೆಯುವವರಿಗೆಲ್ಲ ಪರಿಚಿತ. ಕಪ್ಪು ಬಟ್ಟೆಯ ಮೇಲಿನ ಬಳಪದ ಅಕ್ಷರವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಕೆಲವು ಕಚೇರಿಗಳು ಪದದ ಮೂಲಾರ್ಥಕ್ಕೆ ಇಂದಿಗೂ ನಿಷ್ಠವಾಗಿವೆ ಎನ್ನೋಣ.

ಇನ್ನು ‘ಲಭ್ಯವಿರುವುದಿಲ್ಲ’. ‘ಅವರು ಮನೆಯಲ್ಲಿಲ್ಲ’ ಎಂದರೆ ಈಗ ಇಲ್ಲ. ‘ಅವರು ಭಾನುವಾರ ಮನೆಯಲ್ಲಿ ಇರುವುದಿಲ್ಲ’ ಎಂದರೆ ಅದು ರೂಢಿಯ ಮಾತು, ಇಲ್ಲವೇ ಮುಂದಿನ ಮಾತು. ಕಚೇರಿ ಕನ್ನಡ ಮಾತ್ರ ಎಲ್ಲೆಡೆಯೂ ‘ಇಲ್ಲ’ವನ್ನು ಬಿಟ್ಟು ‘ಇರುವುದಿಲ್ಲ’ ಎನ್ನುತ್ತದೆ. ಗಾಂಭೀರ್ಯಕ್ಕಾಗಿ ಇರಬಹುದು; ಪರಿಣಾಮವಾಗಿ ಕಾಲ ಮಾಯವಾಗುತ್ತದೆ. ಮೊದಲಿಂದಲೂ ಇರಲಿಲ್ಲವೇ, ಇದ್ದು ಹೋಯಿತೇ, ಇವತ್ತಿನ ಮಟ್ಟಿಗೆ ಸಿಗುತ್ತಿಲ್ಲವೇ? ಮೇಲಾಗಿ ‘ಲಭ್ಯ’ ಎಂದರೆ ದೊರೆಯುವಂಥದ್ದು. ಲಭ್ಯವಿಲ್ಲ ಎಂದವರು ಅಸ್ತಿತ್ವದಲ್ಲಿಲ್ಲ ಎಂದು ಹೇಳಿದಂತಾಗುವುದಿಲ್ಲ.

ಇದು ಬರೀ ವ್ಯಾಕರಣದ ತಗಾದೆಯಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮಕ್ಕೆ ಈ ‘ಇಲ್ಲ’ಗಳು ಬೇರೆಬೇರೆ. ದಾಖಲೆ ಬೇರೆ ಪ್ರಾಧಿಕಾರದಲ್ಲಿದ್ದರೆ, ಉದಾಹರಣೆಗೆ ಬಡಾವಣೆಗೆ ಅನುಮೋದನೆ ಕೊಟ್ಟ ಯೋಜನಾ ಪ್ರಾಧಿಕಾರದಲ್ಲಿದ್ದರೆ, ಅದರ 6(3)ನೇ ಪ್ರಕರಣದ (ಸೆಕ್ಷನ್‌ನ) ಪ್ರಕಾರ ಅರ್ಜಿಯನ್ನು ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಅವಧಿ ಮುಗಿದು ನಾಶಪಡಿಸಿದ್ದರೆ ಅದಕ್ಕೊಂದು ಆದೇಶ, ದಿನಾಂಕ ಇರಬೇಕು. ಕಾಣೆಯಾಗಿದ್ದರೆ, ‘ಸಿಗುತ್ತಿಲ್ಲ’ ಎಂಬುದು 8ನೇ ಪ್ರಕರಣದ ವಿನಾಯಿತಿಗಳ ಪಟ್ಟಿಯಲ್ಲೇ ಇಲ್ಲ. ಅರ್ಜಿ ಬಂದಮೇಲೆ ನಾಶಪಡಿಸಿದ್ದರಂತೂ 20ನೇ ಪ್ರಕರಣದ ದಂಡ: ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಆದ್ದರಿಂದ ಉತ್ತರದಲ್ಲಿರುವ ‘ಈಗಾಗಲೇ’ ಕೂಡ ಸಾಮಾನ್ಯ ಪದವಲ್ಲ. ಯಾವಾಗ ‘ಈಗಾಗಲೇ’? ಅರ್ಜಿಗೆ ಮೊದಲೋ, ಆಮೇಲೋ? ಕಾನೂನು ಕವಲುಕವಲಾಗಿ ಬಿಡಿಸಿಟ್ಟದ್ದನ್ನೆಲ್ಲ ‘ವಿಲೇವಾರಿಯಾಗಿದ್ದು ಲಭ್ಯವಿರುವುದಿಲ್ಲ’ ಎಂಬ ಎರಡು ಪದ ಮತ್ತೆ ಒಂದೇ ಗಂಟು ಮಾಡಿಬಿಡುತ್ತವೆ.

ಮೊದಲ ಮೇಲ್ಮನವಿಗೆ 30 ದಿನದ ಅವಕಾಶವಿದೆ, ಅದನ್ನು ಹಾಕುತ್ತಿದ್ದೇವೆ. ಜೊತೆಗೆ ಹೊಸ ಅರ್ಜಿಯೊಂದನ್ನೂ ಸಿದ್ಧಪಡಿಸುತ್ತಿದ್ದೇನೆ. ನಿಮ್ಮ ನೆರವು ಬೇಕಾಗಿರುವುದು ಅದರ ಪದಗಳಿಗೆ. ಅಧಿನಿಯಮ ಕೇಳುವುದು ದಾಖಲೆ ಪ್ರಾಧಿಕಾರದ ‘ವಶದಲ್ಲಿ ಅಥವಾ ನಿಯಂತ್ರಣದಲ್ಲಿ’ ಇದೆಯೇ ಎಂದು. ಹಾಗಾಗಿ ‘ಲಭ್ಯ’ವನ್ನು ಕೈಬಿಟ್ಟು ‘ವಶ’ವನ್ನು ಹಿಡಿದಿದ್ದೇನೆ. ಕರಡು ಹೀಗಿದೆ: “ಸದರಿ ಕಡತವು ತಮ್ಮ ಕಚೇರಿಯ ವಶದಲ್ಲಿದೆಯೇ ಎಂಬುದನ್ನು ತೋರಿಸುವ ಅಭಿಲೇಖಾಲಯದ ವಹಿಯ ಪುಟ, ಕಡತ ಮುಕ್ತಾಯಗೊಂಡ ದಿನಾಂಕ ಮತ್ತು ಅದಕ್ಕೆ ನೀಡಿದ ವರ್ಗವನ್ನು ನಮೂದಿಸಿದ ಪುಟ, ನಾಶಪಡಿಸಿದ್ದಲ್ಲಿ ಆ ಕುರಿತ ಆದೇಶ — ಇವುಗಳ ದೃಢೀಕೃತ ಪ್ರತಿ.” ಕೇಳುವುದು ಪುಟವನ್ನು, ವಿವರಣೆಯನ್ನಲ್ಲ. ವಿವರಣೆ ಕೇಳಿದರೆ ಮತ್ತೆ ಒಂದು ವಾಕ್ಯ ಬರುತ್ತದೆ. ದಾಖಲೆಗಳನ್ನೆಲ್ಲ ಪಟ್ಟಿಮಾಡಿ, ಸೂಚಿ ತಯಾರಿಸಿ ಇಟ್ಟಿರಬೇಕೆಂದು 4(1)(ಎ) ಹೇಳುವುದರಿಂದ ‘ಅಂಥ ವಹಿಯೇ ಇಲ್ಲ’ ಎನ್ನುವುದು ಅವರಿಗೂ ಸುಲಭವಲ್ಲ. ‘ಅಭಿಲೇಖಾಲಯದ ವಹಿ’ಗೆ ನಗರಸಭೆಗಳಲ್ಲಿ ನಿಜಕ್ಕೂ ಬಳಸುವ ಹೆಸರೇನು? ಕಂದಾಯ ಇಲಾಖೆಯ ಹೆಸರನ್ನು ಇಲ್ಲಿ ತಂದು ಹಾಕಿದರೆ ‘ಈ ಹೆಸರಿನ ವಹಿ ನಿರ್ವಹಿಸಲಾಗುತ್ತಿಲ್ಲ’ ಎಂಬ ಉತ್ತರಕ್ಕೆ ನಾವೇ ಬಾಗಿಲು ತೆರೆದಂತೆ.

ಇನ್ನೆರಡು ಪದಗಳ ಬಗ್ಗೆ ನನ್ನ ತಿಳಿವಳಿಕೆ ಸರಿಯೇ ನೋಡಿ. ಕೌನ್ಸಿಲ್ ‘ಠರಾವು’ ಎಂದು ಕೇಳಿದರೆ ಅಂಗೀಕರಿಸಲಾಗಿದೆ ಎಂಬ ಒಂದೆರಡು ಸಾಲು ಸಿಗುತ್ತದೆ. ‘ಸಭಾ ನಡಾವಳಿ’ ಎಂದು ಕೇಳಿದರೆ ಯಾರು ಹಾಜರಿದ್ದರು, ಏನು ಆಕ್ಷೇಪಿಸಿದರು ಎಂಬುದೂ ಬರುತ್ತದೆ. ಆದರೆ ಸರ್ಕಾರಿ ಆದೇಶಗಳ ನೆತ್ತಿಯ ಮೇಲಿರುವ ‘ಕರ್ನಾಟಕ ಸರ್ಕಾರದ ನಡವಳಿಗಳು’ ಇದಲ್ಲ, ಅಲ್ಲವೇ? ಹಾಗೆಯೇ ‘ಕಡತದ ಪ್ರತಿ’ ಎಂದಷ್ಟೇ ಬರೆದರೆ ಪತ್ರವ್ಯವಹಾರದ ಭಾಗವನ್ನು ಕೊಟ್ಟು ಟಿಪ್ಪಣಿ ಹಾಳೆಗಳನ್ನು ಉಳಿಸಿಕೊಳ್ಳುತ್ತಾರೆ. ಯಾರು ಏನು ಬರೆದು ಯಾರಿಗೆ ಮಂಡಿಸಿದರು ಎಂಬ ಜೀವವೆಲ್ಲ ಇರುವುದು ಆ ಹಾಳೆಗಳಲ್ಲೇ. ಕಡತವನ್ನು ಖುದ್ದು ನೋಡುವ ಹಕ್ಕು 2(ಜೆ)ಯಲ್ಲಿದೆ, ಅದಕ್ಕೆ ‘ಪರಿಶೀಲನೆ’ ಎಂದು ಬರೆಯಲು ನನಗೆ ಹೆದರಿಕೆ. ‘ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದರೆ ಯಾರು ಯಾರನ್ನು ಪರಿಶೀಲಿಸುತ್ತಿದ್ದಾರೆಂದೇ ತಿಳಿಯದಾಗುತ್ತದೆ. ಸದ್ಯಕ್ಕೆ ‘ಖುದ್ದು ವೀಕ್ಷಣೆ’ ಎಂದು ಹಾಕಿದ್ದೇನೆ.

ಕೊನೆಯದು ಈ ಗುಂಪಿಗೇ ಹೇಳಿ ಮಾಡಿಸಿದ ಪ್ರಶ್ನೆ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಿಗೆ 2008ರಲ್ಲಿ ಸೇರಿದ ತಿದ್ದುಪಡಿಯಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳ ಮಿತಿಯೂ ಇದೆ. ಕನ್ನಡದಲ್ಲಿ ‘ಒಂದು ಪದ’ ಎಂದರೆ ಎಷ್ಟು? ‘ಪ್ರತಿಗಳನ್ನು ಒದಗಿಸಬೇಕು ಎಂದು’ ಮೂರು ಪದ. ‘ಪ್ರತಿಗಳನ್ನೊದಗಿಸಬೇಕೆಂದು’ ಎಂದರೆ ಒಂದು. ಸಂಧಿ ಬಲ್ಲವನು 150 ಪದಗಳಲ್ಲಿ ಇಡೀ ಬಡಾವಣೆಯ ಚರಿತ್ರೆ ಕೇಳಬಹುದು, ಓದುವ ಅಧಿಕಾರಿಗೆ ಉಸಿರು ಕಟ್ಟೀತು ಅಷ್ಟೇ. ಸಮಾಸಗಳನ್ನು ಬಿಡಿಸಿ ಬರೆದರೆ ಓದಲು ಹಿತ, ಎಣಿಕೆಗೆ ನಷ್ಟ. ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಮೂರು ಪದವೋ, ಒಂದು ಹುದ್ದೆಯ ಹೆಸರಾದ್ದರಿಂದ ಒಂದೋ? ಪದಮಿತಿ ಮೀರಿದೆ ಎಂಬ ಕಾರಣಕ್ಕೆ ಅರ್ಜಿ ಹಿಂದಿರುಗಿದ್ದು ನಿಮ್ಮ ಅನುಭವದಲ್ಲಿದ್ದರೆ, ಅಲ್ಲಿ ಸಂಧಿಪದಗಳನ್ನು ಹೇಗೆ ಎಣಿಸಿದ್ದರು ಎಂಬುದನ್ನು ದಯವಿಟ್ಟು ತಿಳಿಸಿ. ಕರಡು ಮಿತಿಯ ಅಂಚಿನಲ್ಲಿದೆ, ‘ಸದರಿ’ಗಳನ್ನು ಈಗಲೇ ಕಿತ್ತುಹಾಕುತ್ತಿದ್ದೇನೆ.