ದುರಸ್ತಿಯಾದ ಹಳೆಯ ಮರದ ಕ್ಲಾರಿನೆಟ್ ಮಾರುವ ಮುನ್ನ: ಬಲ್ಲವರ ಅನುಭವ

ಕೇಳಿದವರು:
ಫ್ರಾನ್ಸಿನಲ್ಲಿ ತಯಾರಾದ ಮರದ ಬಿ-ಫ್ಲ್ಯಾಟ್ ಕ್ಲಾರಿನೆಟ್ ಒಂದನ್ನು ಮಾರಬೇಕಿದೆ. ಬೋಮ್ ಪದ್ಧತಿ (ಕೀಗಳನ್ನು ಜೋಡಿಸುವ ಒಂದು ಕ್ರಮ), 17 ಕೀ, 6 ರಿಂಗ್. 1960ರ ಸುಮಾರಿನದು, ವೃತ್ತಿಪರ ದರ್ಜೆಯದು ಎಂದು ಹೇಳಿ ಕೊಟ್ಟಿದ್ದರು. ಪ್ಯಾಡ್ (ತೂತು ಮುಚ್ಚುವ ಮೆತ್ತೆ), ಕಾರ್ಕ್ ಎಲ್ಲ ಈಗಷ್ಟೇ ಹೊಸದಾಗಿ ಹಾಕಿಸಿದ್ದು. ಮೇಲಿನ ಜಾಯಿಂಟ್‌ನಲ್ಲಿ (ವಾದ್ಯದ ಎರಡು ಮುಖ್ಯ ತುಂಡುಗಳಲ್ಲಿ ಮೇಲಿನದು) ಹಳೆಯ ಬಿರುಕು ಇತ್ತು, ಪಿನ್ (ಬಿರುಕಿಗೆ ಅಡ್ಡಲಾಗಿ ತೂರಿಸುವ ಸಣ್ಣ ಕಡ್ಡಿ) ಹಾಕಿ ಮುಚ್ಚಿದ್ದಾರೆ. ಕೊಳ್ಳುವವರಿಗೆ ಏನೇನು ತೋರಿಸಬೇಕು? ಬಿರುಕಿನ ವಿಷಯ ಎಷ್ಟು ಹೇಳಬೇಕು? ಬೆಲೆ ಹೇಗೆ ಕಟ್ಟುವುದು, ದೂರದೂರಿಗೆ ಹೇಗೆ ಕಳಿಸುವುದು?

ಹಳೆಯ ವಾದ್ಯಗಳ ವ್ಯಾಪಾರದವರು:
ಬೆಲೆಯ ಮಾತಿಗೆ ಮೊದಲು ಗುರುತು ಗಟ್ಟಿ ಮಾಡಿಕೊಳ್ಳಿ. ಹಳೆಯ ಕ್ಲಾರಿನೆಟ್‌ಗಳ ಮೇಲೆ ಮಾದರಿಯ ಹೆಸರು ಇದ್ದೇ ಇರುತ್ತದೆ ಎಂದೇನಿಲ್ಲ. ಬ್ಯೂಫೆ ಕ್ರಾಂಪಾನ್ ಕಂಪನಿಯ ವೃತ್ತಿಪರ ಮಾದರಿ ಆರ್-13 ಬಂದದ್ದು 1955ರಲ್ಲಿ. ಆದರೆ ಆಗಿನ ಆರ್-13ರ ಮೇಲೆ ‘ಆರ್-13’ ಎಂದು ಎಲ್ಲೂ ಒತ್ತಿರುವುದಿಲ್ಲ. ಲೋಗೊ ಮತ್ತು ಸೀರಿಯಲ್ ನಂಬರ್ ನೋಡಿಯೇ ತಿಳಿಯಬೇಕು. ಅದೇ ಕಂಪನಿಯ ‘ಎವೆಟ್’ ಹೆಸರಿನವು ಕೆಳದರ್ಜೆಯವು. ಲೆಬ್ಲಾಂಕ್‌ನವರ ‘ನೋಬ್ಲೆ’ ಕೂಡ ಮರದ್ದೇ, ನುಡಿಸಲೂ ಚೆನ್ನ, ಆದರೆ ವೃತ್ತಿಪರ ಮಾದರಿ ಅಲ್ಲ. ಸೆಲ್ಮರ್ ಹೆಸರಿನ ಜೊತೆಗೆ ‘ಬಂಡಿ’ ಎಂದಿದ್ದರೆ ಅದು ವಿದ್ಯಾರ್ಥಿಗಳ ವಾದ್ಯ. ಯಾರೋ ಹೇಳಿದರು ಅಂತ ‘ವೃತ್ತಿಪರ’ ಎಂದು ಬರೆದುಬಿಡಬೇಡಿ. ನಂಬರ್ ಇಟ್ಟುಕೊಂಡು ಕಂಪನಿಯ ಪಟ್ಟಿಯಲ್ಲಿ ವರ್ಷ ಹುಡುಕಿ, ಆಮೇಲೆ ಬರೆಯಿರಿ.

ನಂಬರ್ ಮೇಲಿನ ಜಾಯಿಂಟ್‌ನಲ್ಲೂ ಕೆಳಗಿನದರಲ್ಲೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಎರಡು ವಾದ್ಯ ಕೂಡಿಸಿ ಒಂದು ಮಾಡಿದ್ದಾರೆ ಎಂದರ್ಥ, ಬೆಲೆ ಅಲ್ಲೇ ಇಳಿಯುತ್ತದೆ. ಬ್ಯಾರೆಲ್ (ಬಾಯಿಗಿಡುವ ಮೌತ್‌ಪೀಸಿಗೂ ಮೇಲಿನ ಜಾಯಿಂಟ್‌ಗೂ ನಡುವಿನ ಗಿಡ್ಡ ತುಂಡು) ಮೂಲದ್ದೋ ಆಮೇಲೆ ಬದಲಿಸಿದ್ದೋ ಎಂದೂ ನೋಡಿ. ಅದರ ಉದ್ದವನ್ನು ಮಿಲಿಮೀಟರ್‌ನಲ್ಲಿ ಅಳೆದು ಬರೆಯಿರಿ. 65, 66 ಸಾಮಾನ್ಯ. ಅದಕ್ಕಿಂತ ತೀರ ಗಿಡ್ಡ ಇದ್ದರೆ ಶ್ರುತಿ ಏರಿಸಲು ಯಾರೋ ಕತ್ತರಿಸಿರಬಹುದು.

ರಿಪೇರಿ ಕೆಲಸದವರು:
ಬಿರುಕಿನ ವಿಷಯ ಪೂರ್ತಿ ಹೇಳಿ. ‘ಚಿಕ್ಕ ಬಿರುಕು, ಸರಿಮಾಡಿದೆ’ ಎಂದು ಅರ್ಧ ಸಾಲಿನಲ್ಲಿ ಮುಗಿಸಿದರೆ ಕೊಳ್ಳುವವರು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಉದ್ದ, ಸ್ವರದ ತೂತು ಯಾವುದನ್ನಾದರೂ ಹಾದುಹೋಗಿದೆಯೇ, ಒಳಗಿನ ಬೋರ್ (ಗಾಳಿ ಹೋಗುವ ಕೊಳವೆ) ತನಕ ಇಳಿದಿದೆಯೇ, ಎಷ್ಟು ಪಿನ್, ಯಾವ ಅಂಟು, ಇಷ್ಟು ಬರೆಯಿರಿ.

ಮೇಲಿನ ಜಾಯಿಂಟ್ ಬಿರಿಯುವುದಕ್ಕೆ ಕಾರಣವಿದೆ. ಉಸಿರಿನ ತೇವವೂ ಬಿಸಿಯೂ ಮೊದಲು ತಾಗುವುದು ಅಲ್ಲಿಗೆ. ಬೋರ್ ಕಡೆಯ ಮರ ಉಬ್ಬುತ್ತದೆ, ಹೊರಮೈ ಒಣಗಿ ತಣ್ಣಗೆ ಇರುತ್ತದೆ. ಒಳಗಿನ ಒತ್ತಡ ತಾಳಲಾರದೆ ಹೊರಮೈ ಸೀಳುತ್ತದೆ. ಸಾಮಾನ್ಯವಾಗಿ ಮೇಲಿನ ತುದಿಯಿಂದ ಶುರುವಾಗಿ ಟ್ರಿಲ್ ಕೀಗಳ (ಎರಡು ಸ್ವರಗಳನ್ನು ಬೇಗ ಬೇಗ ಬದಲಿಸಿ ನುಡಿಸಲು ಇರುವ ಪಕ್ಕದ ಕೀಗಳು) ತೂತುಗಳ ಕಡೆಗೆ ಓಡುತ್ತದೆ. ತೂತು ಮುಟ್ಟದೆ ನಿಂತ ಬಿರುಕಿಗೆ ಪಿನ್ ಚೆನ್ನಾಗಿ ಬಿದ್ದಿದ್ದರೆ ಇನ್ನೂ ಹತ್ತಾರು ವರ್ಷ ನುಡಿಸಬಹುದು. ತೂತನ್ನು ಸೀಳಿದ್ದರೆ ಪ್ಯಾಡ್ ಕೂರುವ ಅಂಚಿನಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಉಳಿದಿರುತ್ತದೆ. ಎಂಥ ಹೊಸ ಪ್ಯಾಡ್ ಹಾಕಿದರೂ ಅಲ್ಲಿ ಗಾಳಿ ಸೋರುತ್ತದೆ.

ಸೋರಿಕೆ ನೋಡಲು ಎರಡು ಪರೀಕ್ಷೆ ಸಾಕು. ಒಂದು, ಮೇಲಿನ ಜಾಯಿಂಟ್ ಒಂದನ್ನೇ ಬಿಡಿಸಿ ಹಿಡಿದು, ಬೆರಳುಗಳಿಂದ ತೂತುಗಳನ್ನೆಲ್ಲ ಮುಚ್ಚಿ, ಕೆಳತುದಿಯನ್ನು ಅಂಗೈಗೆ ಒತ್ತಿ, ಮೇಲ್ತುದಿಯಿಂದ ಗಾಳಿ ಹೀರಿ. ಹೀರಿದ ಬಿಗಿ ಕೆಲವು ಸೆಕೆಂಡ್ ನಿಲ್ಲಬೇಕು, ತುಟಿ ತೆಗೆದಾಗ ‘ಟಪ್’ ಎನ್ನಬೇಕು. ಕೂಡಲೇ ಸಡಿಲಾದರೆ ಎಲ್ಲೋ ಸೋರುತ್ತಿದೆ. ಎರಡು, ಎಲ್ಲಿ ಎಂದು ಹುಡುಕುವುದು. ಸಿಗರೇಟ್ ಸುತ್ತುವ ತೆಳು ಕಾಗದವನ್ನು ಅಂಟಿರುವ ಅಂಚು ಬಿಟ್ಟು, ಎರಡು ಮೂರು ಮಿಲಿಮೀಟರ್ ಅಗಲದ ಎಳೆಯಾಗಿ ಕತ್ತರಿಸಿ. ಪ್ಯಾಡಿನ ಅಡಿ ಇಟ್ಟು, ಕೀಯನ್ನು ನುಡಿಸುವಾಗ ಒತ್ತುವಷ್ಟೇ ಮೆಲ್ಲಗೆ ಮುಚ್ಚಿ, ಎಳೆಯಿರಿ. ಮುಂದೆ, ಹಿಂದೆ, ಎಡ, ಬಲ ನಾಲ್ಕೂ ಕಡೆ ಒಂದೇ ಹಿಡಿತ ಸಿಗಬೇಕು. ಒಂದು ಕಡೆ ಕಾಗದ ಜಾರಿ ಬಂದರೆ ಪ್ಯಾಡ್ ಓರೆ ಕೂತಿದೆ. ಬೆರಳಿನ ಬಲ ಹಾಕಿ ಒತ್ತಿ ‘ಸರಿಯಿದೆ’ ಎಂದುಕೊಳ್ಳುವುದೇ ಇಲ್ಲಿ ಆಗುವ ತಪ್ಪು. ಬಲ ಹಾಕಿದರೆ ಯಾವ ಪ್ಯಾಡಾದರೂ ಮುಚ್ಚುತ್ತದೆ.

ಇನ್ನೆರಡು ಕಡೆ ಕಣ್ಣಿಡಿ. ಎರಡು ಜಾಯಿಂಟ್‌ಗಳನ್ನು ಕೂಡಿಸುವ ಬ್ರಿಡ್ಜ್ ಕೀ: ಬಲಗೈ ರಿಂಗ್ ಒತ್ತಿದಾಗ ಮೇಲಿನ ಪ್ಯಾಡೂ ಕೆಳಗಿನ ಪ್ಯಾಡೂ ಒಟ್ಟಿಗೇ ಮುಚ್ಚಬೇಕು. ಹಾಗೆಯೇ ಕಿರುಬೆರಳಿನ ಇ ಕೀ ಒತ್ತಿದರೆ ಬುಡದ ದೊಡ್ಡ ಪ್ಯಾಡ್ ಎರಡೂ ಒಂದೇ ಕ್ಷಣದಲ್ಲಿ ಕೂರಬೇಕು. ಒಂದು ಹಿಂದುಳಿದರೂ ಕೆಳಗಿನ ಇ ಸ್ವರ ಮೊಳಗುವುದಿಲ್ಲ, ಕೊಳ್ಳುವವರು ಮೊದಲು ಊದಿ ನೋಡುವುದೂ ಅದನ್ನೇ.

ಒಂದು ಎಚ್ಚರ: ಹೊಸ ಪ್ಯಾಡ್‌ಗಳು ಮೊದಲ ಕೆಲವು ವಾರ ಕುಗ್ಗುತ್ತವೆ, ಕಾರ್ಕ್ ತಗ್ಗುತ್ತದೆ. ದುರಸ್ತಿಯಾದ ಮರುದಿನವೇ ಮಾರಾಟಕ್ಕೆ ಇಡಬೇಡಿ. ಬಹಳ ಕಾಲ ಸುಮ್ಮನೆ ಬಿದ್ದಿದ್ದ ಮರವಾದರೆ ದಿನಕ್ಕೆ 15–20 ನಿಮಿಷ ಮಾತ್ರ, ಎರಡು ವಾರ ನುಡಿಸಿ, ಪ್ರತಿ ಸಲ ಒಳಗೆ ಬಟ್ಟೆ ಎಳೆದು ಒರೆಸಿ. ಆಮೇಲೆ ಇನ್ನೊಮ್ಮೆ ಪ್ಯಾಡ್ ನೋಡಿಸಿ.

ಕೇಳಿದವರು:
ಬಿರುಕು ಮೇಲ್ತುದಿಯಿಂದ ಸುಮಾರು 4 ಸೆಂಟಿಮೀಟರ್, ತೂತು ಮುಟ್ಟಿಲ್ಲ. ಇನ್ನೊಂದು ಮಾತು: ಕೀಗಳು ಮಂಕಾಗಿವೆ, ಮರವೂ ಅಲ್ಲಲ್ಲಿ ಕಂದು ತಿರುಗಿದೆ. ಪಾಲಿಶ್ ಮಾಡಿಸಿ ಮರಕ್ಕೆ ಕಪ್ಪು ಬಣ್ಣ ಕೊಡಿಸಿದರೆ ಒಳ್ಳೆಯ ಬೆಲೆ ಬರುತ್ತದೆಯೇ?

ಹಳೆಯ ವಾದ್ಯಗಳ ವ್ಯಾಪಾರದವರು:
ಬೇಡವೇ ಬೇಡ. ಬಣ್ಣ ಕೊಟ್ಟ ಮರ ಕಂಡರೆ ಬಲ್ಲವರು ‘ಇನ್ನೊಂದು ಬಿರುಕು ಮುಚ್ಚಿಟ್ಟಿದ್ದಾರೆ’ ಎಂದುಕೊಳ್ಳುತ್ತಾರೆ. ಕ್ಲಾರಿನೆಟ್ ಮಾಡುವ ಗ್ರೆನಡಿಲ್ಲಾ ಮರ ಹುಟ್ಟಿನಿಂದ ಅಚ್ಚ ಕಪ್ಪಲ್ಲ. ಬಿಸಿಲಿಗೆ ಹಿಡಿದರೆ ಕಂದು ಎಳೆಗಳು ಕಾಣುತ್ತವೆ, ಮರ ಅಸಲಿ ಎನ್ನುವುದಕ್ಕೆ ಅದೂ ಒಂದು ಗುರುತು. ಇದು ಬೀಟೆಯ ಕುಲಕ್ಕೇ ಸೇರಿದ್ದು, ಆದ್ದರಿಂದ ‘ಎಬೊನಿ’ ಎಂದು ಬರೆಯಬೇಡಿ. ಕೀಗಳನ್ನು ಯಂತ್ರದ ಚಕ್ರಕ್ಕೆ ಹಿಡಿದು ಉಜ್ಜಿಸಬೇಡಿ, ಬೆಳ್ಳಿಯ ಲೇಪ ಸವೆದು ಒಳಗಿನ ಲೋಹ ಇಣುಕುತ್ತದೆ.

ರಿಪೇರಿ ಕೆಲಸದವರು:
ಬಣ್ಣದ ಬಗ್ಗೆ ಹೇಳಿದ್ದು ಸರಿ. ಆದರೆ ಯಂತ್ರಕ್ಕೆ ಹಿಡಿಯಬಾರದು ಎಂದು ಕೀಗಳನ್ನು ಮಂಕಾಗಿಯೇ ಬಿಡಬೇಕಿಲ್ಲ. ಬೆಳ್ಳಿ ಒರೆಸುವ ಬಟ್ಟೆಯಲ್ಲಿ ಕೈಯಿಂದಲೇ ಒರೆಸಿದರೆ ಲೇಪಕ್ಕೆ ಏನೂ ಆಗುವುದಿಲ್ಲ. ದ್ರವದ ಪಾಲಿಶ್ ಮಾತ್ರ ಪ್ಯಾಡ್ ಹಾಕಿರುವಾಗ ಮುಟ್ಟಬೇಡಿ. ಪ್ಯಾಡಿನ ತೆಳು ಪೊರೆಗೂ ತಿರುಗುವ ಸಂದುಗಳಿಗೂ ಇಳಿದು ಕೀ ಜಿಗುಟಾಗುತ್ತದೆ. ಲೋಗೊಗೆ ಬಂಗಾರದ ಬಣ್ಣ ಮತ್ತೆ ತುಂಬಿಸಿದ್ದರೆ ಅದನ್ನೂ ತಿಳಿಸಿ.

ವಾದಕರು:
ಫೋಟೊ ನೋಡಿ ಯಾರೂ ಕ್ಲಾರಿನೆಟ್ ಕೊಳ್ಳುವುದಿಲ್ಲ, ಧ್ವನಿಮುದ್ರಣ ಬೇಕೇ ಬೇಕು. ರಾಗ, ಹಾಡು ಬೇಡ. ಕೆಳಗಿನ ಇ ಸ್ವರದಿಂದ ಶುರುಮಾಡಿ ಅರ್ಧ ಅರ್ಧ ಸ್ವರ ಏರುತ್ತ ನಿಧಾನವಾಗಿ ಮೇಲಿನವರೆಗೆ ಊದಿ, ಒಂದು ಸಲ ಗಟ್ಟಿಯಾಗಿ, ಒಂದು ಸಲ ಬಹಳ ಮೆಲ್ಲಗೆ. ಸೋರಿಕೆ ಬಯಲಾಗುವುದು ಮೆಲ್ಲಗೆ ಊದಿದಾಗ. ಆಮೇಲೆ ಕೆಳಗಿನ ಸ್ವರ ಹಿಡಿದು, ಬೆರಳು ಬದಲಿಸದೆ ಎಡ ಹೆಬ್ಬೆರಳಿನ ರಿಜಿಸ್ಟರ್ ಕೀ ಮಾತ್ರ ಒತ್ತಿ ಹನ್ನೆರಡನೆಯ ಸ್ವರಕ್ಕೆ ಜಿಗಿಯಿರಿ. ಬೋರ್ ಕುಗ್ಗಿದ್ದರೂ ಯಾರಾದರೂ ಕೊರೆದು ಅಗಲ ಮಾಡಿದ್ದರೂ ಈ ಜಿಗಿತದಲ್ಲಿ ಶ್ರುತಿ ತಪ್ಪುತ್ತದೆ. ಹತ್ತು ನಿಮಿಷ ನುಡಿಸಿ ಮರ ಬೆಚ್ಚಗಾದ ಮೇಲೆ, 440ಕ್ಕೆ (ಎ ಸ್ವರ 440 ಹರ್ಟ್ಜ್) ಇಟ್ಟ ಟ್ಯೂನರ್ ಎದುರು ಪ್ರತಿ ಸ್ವರ ಎಷ್ಟು ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಪಾಲು) ಹೆಚ್ಚು, ಎಷ್ಟು ಕಡಿಮೆ ಎಂದು ಬರೆದುಕೊಂಡು ಪಟ್ಟಿ ಕೊಡಿ.

ಯಾವ ಮೌತ್‌ಪೀಸ್, ಯಾವ ನಂಬರಿನ ರೀಡ್ (ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿ) ಎಂದೂ ಸೇರಿಸಿ. ಮೌತ್‌ಪೀಸ್ ಹೊಂದದಿದ್ದರೆ ಒಳ್ಳೆಯ ವಾದ್ಯವೂ ಕೆಟ್ಟದಾಗಿ ಕೇಳುತ್ತದೆ. ಬೂಸಿ ಅಂಡ್ ಹಾಕ್ಸ್ ಕಂಪನಿಯ 1010 ಮಾದರಿ ಇದಕ್ಕೆ ಸ್ಪಷ್ಟ ಉದಾಹರಣೆ: ಅದರ ಬೋರ್ ಸಾಮಾನ್ಯಕ್ಕಿಂತ ಅಗಲ, ಸುಮಾರು 15.2 ಮಿಲಿಮೀಟರ್, ಅದಕ್ಕೆಂದೇ ಮಾಡಿದ ಮೌತ್‌ಪೀಸ್ ಇಲ್ಲದೆ ಶ್ರುತಿ ಕೂಡುವುದಿಲ್ಲ. ಪೆಟ್ಟಿಗೆಯಲ್ಲಿ ಹಳೆಯ ಮೌತ್‌ಪೀಸ್ ಇದ್ದರೆ ಮೇಲಿನ ಹೆಸರನ್ನು ಓದಿ ನೋಡಿ. ಕಾಸ್ಪರ್, ಶೆಡ್ವಿಲ್ (ಹೆಸರಾಂತ ಮೌತ್‌ಪೀಸ್ ತಯಾರಕರು) ಎಂದಿದ್ದರೆ ಅದನ್ನು ಬೇರೆಯಾಗಿಯೇ ಮಾರಿ, ವಾದ್ಯದಷ್ಟೇ ಬೇಡಿಕೆ ಅದಕ್ಕಿದೆ. ಮೌತ್‌ಪೀಸಿನ ಎಬೊನೈಟ್ (ಗಟ್ಟಿ ರಬ್ಬರ್) ಹಸಿರು ತಿರುಗಿದೆ ಎಂದು ಬಿಸಿನೀರಿನಲ್ಲಿ ತೊಳೆಯಬೇಡಿ, ಬಣ್ಣ ಇನ್ನೂ ಕೆಡುತ್ತದೆ, ಆಕಾರವೂ ಹೋಗಬಹುದು.

ಇದನ್ನು ಓದುವವರಲ್ಲಿ ಇನ್ನೂ ಹಳೆಯ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ವಾದ್ಯ ಇರುವವರಿದ್ದರೆ ಶ್ರುತಿಯನ್ನು ಮೊದಲೇ ನೋಡಿಕೊಳ್ಳಿ. ಆಗ 452ರ ಆಸುಪಾಸಿನ ಎತ್ತರದ ಶ್ರುತಿಗೆ ಮಾಡಿದವೂ ಇವೆ, ‘ಎಚ್‌ಪಿ’ (ಹೈ ಪಿಚ್) ಎಂದು ಒತ್ತಿರುತ್ತದೆ. ಅದು 440ಕ್ಕಿಂತ ಅರ್ಧ ಸ್ವರದ ಸುಮಾರು ಅರ್ಧದಷ್ಟು ಏರು. ಬ್ಯಾರೆಲ್ ಉದ್ದ ಮಾಡಿದರೆ ಸರಿಹೋಗುವುದಿಲ್ಲ, ತೂತುಗಳ ಅಂತರವೇ ಬೇರೆ.

ಹಳೆಯ ವಾದ್ಯಗಳ ವ್ಯಾಪಾರದವರು:
ಬೆಲೆಗೆ ಬಂದರೆ, ಬೇರೆಯವರು ಕೇಳುತ್ತಿರುವ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಅದೇ ಮಾದರಿ, ಹತ್ತಿರದ ವರ್ಷ, ದುರಸ್ತಿಯಾದದ್ದು, ಇಂಥ ಐದಾರನ್ನು ಹೋಲಿಸಿ. ದುರಸ್ತಿಗೆ ಕೊಟ್ಟ ಹಣವನ್ನು ಮೇಲೆ ಕೂಡಿಸಿದರೆ ಯಾರೂ ಕೊಡುವುದಿಲ್ಲ. ದುರಸ್ತಿಯಿಂದ ವಾದ್ಯ ತನ್ನ ಬೆಲೆಗೆ ಬರುತ್ತದೆ, ಅದನ್ನು ಮೀರುವುದಿಲ್ಲ. ಪಿನ್ ಬಿದ್ದ ಬಿರುಕಿಗೆ ಬಿರುಕಿಲ್ಲದ ಅಂಥದ್ದೇ ವಾದ್ಯಕ್ಕಿಂತ ಕಡಿಮೆ ಎಂದು ನೀವಾಗಿಯೇ ಇಳಿಸಿ ಹೇಳಿದರೆ ಆಮೇಲೆ ಚೌಕಾಸಿ ಕಡಿಮೆ. ಅಂಗಡಿಯವರ ಕೈಗೆ ಮಾರಿಕೊಡಲು ಒಪ್ಪಿಸಿದರೆ ಕಮಿಷನ್ ಹೋಗುತ್ತದೆ, ಆದರೆ ಕೊಳ್ಳುವವರು ಬಂದು ನುಡಿಸಿ ನೋಡಬಹುದು. ನೇರವಾಗಿ ಮಾರುವುದಾದರೆ ಒಂದು ವಾರ ನುಡಿಸಿ ನೋಡುವ ಅವಕಾಶ ಕೊಡಿ. ದಿನಕ್ಕೆ ಎಷ್ಟು ಹೊತ್ತು ನುಡಿಸಬಹುದು, ಹಿಂದೆ ಕಳಿಸುವ ಖರ್ಚು ಯಾರದು ಎಂದು ಮೊದಲೇ ಬರೆದುಕೊಳ್ಳಿ.

ಫೋಟೊ: ಎರಡೂ ನಂಬರ್, ಲೋಗೊ, ಬಿರುಕು (ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ), ಟೆನನ್‌ಗಳ (ಒಂದು ತುಂಡು ಇನ್ನೊಂದರೊಳಗೆ ಕೂರುವ ತುದಿ) ಅಂಚು, ಬೆಳಕಿನೆದುರು ಹಿಡಿದ ಬೋರ್. ಹಳೆಯ ಪೆಟ್ಟಿಗೆಯಲ್ಲಿ ಬೂಸಲು ವಾಸನೆ ಇದ್ದರೆ ವಾದ್ಯವನ್ನು ಹೊಸದರಲ್ಲಿಟ್ಟು, ಹಳೆಯದನ್ನು ಖಾಲಿಯಾಗಿ ಬೇರೆ ಕೊಡಿ.

ದೇಶದಾಚೆಗೆ ಮಾರುವುದಾದರೆ: 2017ರ ಜನವರಿಯಿಂದ ಸೈಟಿಸ್ ಒಪ್ಪಂದದಡಿ (ಅಳಿವಿನಂಚಿನ ಜೀವಿ, ಗಿಡಮರಗಳ ವ್ಯಾಪಾರದ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದ) ಬೀಟೆಯ ಕುಲದ ಮರಗಳಿಗೆಲ್ಲ ಅನುಮತಿ ಪತ್ರ ಬೇಕಾಗುತ್ತಿತ್ತು. 2019ರ ನವೆಂಬರ್‌ನಿಂದ ಗ್ರೆನಡಿಲ್ಲಾದ ಸಿದ್ಧ ವಾದ್ಯಗಳಿಗೆ ಆ ಕಟ್ಟು ಇಲ್ಲ. ತೀರ ಹಳೆಯ ವಾದ್ಯದಲ್ಲಿ ದಂತದ ಉಂಗುರ ಇದ್ದರೆ ಮಾತ್ರ ನಿಯಮ ಬೇರೆ, ಬಹಳ ಬಿಗಿ.

ರಿಪೇರಿ ಕೆಲಸದವರು:
ಕಳಿಸುವಾಗ ಎಲ್ಲ ಭಾಗಗಳನ್ನೂ ಬಿಡಿಸಿ. ಕೂಡಿಸಿದ ಜಾಯಿಂಟ್‌ಗಳು ಪೆಟ್ಟು ಬಿದ್ದರೆ ಟೆನನ್‌ನಲ್ಲೇ ಮುರಿಯುತ್ತವೆ. ಪೆಟ್ಟಿಗೆಯೊಳಗೆ ಯಾವುದೂ ಅಲುಗಬಾರದು. ಮುಚ್ಚಳಕ್ಕೂ ಕೀಗಳಿಗೂ ನಡುವೆ ಮೆತ್ತನೆ ಬಟ್ಟೆ ಇಡಿ, ಆದರೆ ಕೀಯನ್ನು ಒತ್ತುವಷ್ಟು ಅಲ್ಲ. ಪೆಟ್ಟಿಗೆಯ ಕೊಂಡಿಗಳನ್ನು ನಂಬದೆ ಸುತ್ತಲೂ ಪಟ್ಟಿ ಕಟ್ಟಿ. ಹೊರಗೆ ಎರಡು ರಟ್ಟಿನ ಡಬ್ಬ, ನಡುವೆ ಎಲ್ಲ ಕಡೆ ಐದು ಸೆಂಟಿಮೀಟರ್ ಮೆತ್ತೆ. ಸಿಲಿಕಾ ಜೆಲ್ ಹಾಕಬೇಡಿ, ಅದು ಮರದ ತೇವವನ್ನೇ ಹೀರುತ್ತದೆ. ಹಾಕುವುದಾದರೆ ತೇವವನ್ನು 49 ಶೇಕಡಾಕ್ಕೆ ಹಿಡಿದಿಡುವ ಪೊಟ್ಟಣ ಹಾಕಿ. ತಲುಪಿದ ಮೇಲೆ ಡಬ್ಬವನ್ನು ಒಂದು ರಾತ್ರಿ ಕೋಣೆಯಲ್ಲಿ ಹಾಗೇ ಮುಚ್ಚಿಟ್ಟು ಆಮೇಲೆ ತೆರೆಯಿರಿ ಎಂದು ಡಬ್ಬದ ಮೇಲೆಯೇ ಬರೆದು ಅಂಟಿಸಿ. ತಣ್ಣಗಿನ ಮರಕ್ಕೆ ಬಿಸಿ ಉಸಿರು ಊದಿದರೆ ನಿಮ್ಮ ಆ 4 ಸೆಂಟಿಮೀಟರ್ ಬಿರುಕು ಮತ್ತೆ ಬಾಯಿಬಿಡಬಹುದು.